ಶಂಕ್ರೆಪ್ಪನ ಪಡಸಾಲಿ

ನಂಬಬೇಡಿ, ನೋಡೋಣ. ಇದನ್ನು ಓದಿ ಮುಗಿಸುವುದರೊಳಗೆ ಮೂರು ಕಡೆಯಾದರೂ "ಈ ಮುದುಕ ಬಿಡಾಕತ್ತಾನ" ಅನ್ನುತ್ತೀರಿ. ಅನ್ನಿ. ಕಿತ್ತೂರಿಗೆ ಹೊರಟ ಬಸ್ಸಿಗೆ ಸವದತ್ತಿಯ ಫಲಕ ಸಿಕ್ಕಿಸಿ, ಎಲ್ಲಮ್ಮನಿಗೆ ಹೊರಟಿದ್ದ ಅರ್ಧ ಬಸ್ಸು ಮಂದಿಯನ್ನು ಚೆನ್ನಮ್ಮನ ಕೋಟೆಯ ಮುಂದೆ ಇಳಿಸಿದವನು ನಾನು. ಬೈಲಹೊಂಗಲದ ಹಿರಿಯರು ಇಂದಿಗೂ ನನ್ನ ಮನೆಗೆ ಬಂದರೆ ಕುರ್ಚಿಯನ್ನು ಅಲುಗಿಸಿ ನೋಡಿಯೇ ಕೂಡುತ್ತಾರೆ. ಆದರೆ ಸುಳ್ಳು ಕಟ್ಟಲಿಕ್ಕೂ ಮೈಯಲ್ಲಿ ಕಸುವು ಬೇಕು. ಅದು ಮೊಣಕಾಲಿನಿಂದ ಶುರುವಾಗಿ ಮೇಲಕ್ಕೆ ಒಂದೊಂದೇ ಅಂಗವನ್ನು ಬಿಟ್ಟುಹೋಗುತ್ತಿದೆ. ಆದ್ದರಿಂದ ಈ ಸಲ ಹೆಚ್ಚುಕಡಿಮೆ ನಿಜವನ್ನೇ ಹೇಳುತ್ತೇನೆ.

ಶಂಕ್ರೆಪ್ಪ ಮಾತಿನ ನಡುವೆ ನಿಂತುಬಿಡುತ್ತಿದ್ದ. ತಡವರಿಸುವುದಲ್ಲ, ಮರೆಯುವುದೂ ಅಲ್ಲ. "ಅಣ್ಣಾರ, ನಾಳೆ ನಾ ರಾಮದುರ್ಗಕ್ಕ" ಎಂದವನು ಕಣ್ಣನ್ನು ಜಂತಿಗೆ ನೆಟ್ಟು ಕಲ್ಲಾಗುತ್ತಿದ್ದ. ನಾನು ಚಹಾವನ್ನು ಬಸಿಗೆ ಸುರಿದು, ಆರಿಸಿ, ಕುಡಿದು, ಬಸಿಯನ್ನು ಕೆಳಗಿಟ್ಟ ಮೇಲೆ "ಹೋಗಿ ಬರತೇನಿ" ಎಂದು ಮುಗಿಸುತ್ತಿದ್ದ. ಹೊಸಬರು ಗಾಬರಿಯಾಗಿ ನೀರು ತರಲು ಓಡುತ್ತಿದ್ದರು. ನಾನು ಅವರಿಗೆ, "ಗಾಬರಿ ಆಗಬ್ಯಾಡ್ರಿ, ಒಳಗ ಕಸಾ ಹೊಡಿಯಾಕ ಹೋಗ್ಯಾನ, ಬರತಾನ" ಅನ್ನುತ್ತಿದ್ದೆ. ತಮಾಷೆಗೆ ಅಂದದ್ದು. ಆಮೇಲೆ ಅದೇ ನಿಜವಾಯಿತು.

ತೊಂಬತ್ತರ ದಶಕದಲ್ಲಿ ಬೈಲಹೊಂಗಲದ ಪೇಟೆಯಲ್ಲಿ, ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯ ಮಹಡಿಯ ಮೇಲೆ ನನ್ನ ಟೈಪಿಂಗ್ ಶಾಲೆ ಇತ್ತು. ಎಂಟು ಟೈಪರೈಟರ್. ಜನ ಕಂಪ್ಯೂಟರ್ ಕಂಪ್ಯೂಟರ್ ಎಂದು ಬಡಬಡಿಸಲು ಶುರುಮಾಡಿದಾಗ ಹಳೆಯವು ಎರಡನ್ನು ತಂದು, ಫಲಕದ ಮೇಲೆ ಆ ಹೆಸರನ್ನೂ ಬರೆಸಿದೆ. ಕಲಿಸುವವರು ಬೇಕಲ್ಲ? ಆಗ ಬಂದವನು ಶಂಕ್ರೆಪ್ಪ. ನನಗಿಂತ ಹದಿನೈದು ವರ್ಷ ಚಿಕ್ಕವನು. ರಾಮದುರ್ಗದ ನೇಕಾರರ ಮನೆಯವನು, ಗಣಿತದಲ್ಲಿ ಪದವೀಧರ. ಮುಂಜಾನೆ ಎಂಟಕ್ಕೇ ಸಂಜೆಯ ಮುಖ ಹೊತ್ತು ಬರುತ್ತಿದ್ದ. ಈಗಷ್ಟೇ ಬಸ್ಸಿನಲ್ಲಿ ಮೂರು ತಾಸು ನಿಂತುಕೊಂಡು ಬಂದವನ ಹಾಗೆ ಹೆಗಲು ಇಳಿಬಿದ್ದಿರುತ್ತಿತ್ತು. ಹುಡುಗರು ಎಷ್ಟು ಅಡ್ಡಾದಿಡ್ಡಿ ಬರೆದರೂ ಬೈದವನಲ್ಲ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು, "ಇರ್ಲಿ ಬಿಡ್ರಿ, ಕುಂತ ನೋಡೂಣು" ಎಂದು ನಿಟ್ಟುಸಿರು ಬಿಡುತ್ತಿದ್ದ. ಆ ನಿಟ್ಟುಸಿರಿಗೆ ಹೆದರಿಯೇ ಹುಡುಗರು ಸರಿಯಾಗಿ ಬರೆಯಲು ಕಲಿತರು.

ತಂದೆ ಇಲ್ಲದ ಅವನನ್ನು ಬೆಳೆಸಿದವನು ಕಾಕಾ, ಈರಪ್ಪ. ಈರಪ್ಪನದು ಕಾರ್ಡು ಹೊಡೆಯುವ ಕೆಲಸ. ಸೀರೆಯ ಅಂಚಿನಲ್ಲಿ, ಸೆರಗಿನಲ್ಲಿ ನವಿಲು ಬಳ್ಳಿ ಮೂಡಬೇಕಾದರೆ ಮಗ್ಗದ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ತೂಗಬೇಕು. ಕಾರ್ಡಿನಲ್ಲಿ ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಗ್ರಾಫ್ ಕಾಗದದ ಒಂದೊಂದು ಚೌಕವನ್ನು ನೋಡಿ, ಸುತ್ತಿಗೆಯಿಂದ ಉಳಿಗೆ ಬಡಿದು, ನೂರಾರು ಕಾರ್ಡಿಗೆ ತೂತು ಹಾಕುವುದು. ಈರಪ್ಪ ಅದನ್ನು ಹುಡುಗನಿದ್ದಾಗಿನಿಂದ ಮಾಡಿ ಕಣ್ಣುಗಳನ್ನು ಅರೆದುಕೊಂಡಿದ್ದ. ಇನ್ನು ಈ ಕೆಲಸ ಮುಂದುವರಿಸಿದರೆ ಕಣ್ಣು ಉಳಿಯುವುದಿಲ್ಲ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. "ಕಾಕಾ, ಇನ್ನ ನೀ ಸುತ್ತಿಗಿ ಮುಟ್ಟಬ್ಯಾಡ. ಅದನ್ನ ನಾ ನೋಡ್ಕೋತೇನಿ" ಎಂದು ಶಂಕ್ರೆಪ್ಪ ಮಾತು ಕೊಟ್ಟ. ಆ ಮಾತಿಗಾಗಿ ಅವನು ಮಾಡಿದ್ದೇನು ಗೊತ್ತೆ? ಒಂದು ಭಾಷೆ. ನಾವು ಆಡುವುದಲ್ಲ, ಕಂಪ್ಯೂಟರಿಗೆ ಹೇಳುವುದು. ಅದಕ್ಕೆ 'ಎಳಿ', ಅಂದರೆ ನೂಲಿನ ಎಳೆ, ಎಂದು ಹೆಸರಿಟ್ಟ. ಅದರಲ್ಲಿ "ನವಿಲು, ಬಲಕ್ಕೆ ತಿರುಗು, ಬಳ್ಳಿ ಹಿಡಿ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಕಂಪ್ಯೂಟರು ಸಾಲುಸಾಲಾಗಿ ತೂತಿನ ಲೆಕ್ಕ ಹೇಳುತ್ತಿತ್ತು. ರಾಮದುರ್ಗದ ನೇಕಾರರ ಸಂಘದವರು ಎಲ್ಲಿಂದಲೋ ಹಳೆಯ ಕಂಪ್ಯೂಟರೊಂದನ್ನೂ ತೂತು ಹೊಡೆಯುವ ಯಂತ್ರವೊಂದನ್ನೂ ತಂದು ಎರಡಕ್ಕೂ ತಂತಿ ಜೋಡಿಸಿದರು. ಈರಪ್ಪನ ಸುತ್ತಿಗೆ ಮೊಳೆಗೆ ತೂಗಿತು.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಇಷ್ಟು ದಣಿಯುತ್ತಿರಲಿಲ್ಲ.

ತೊಂದರೆ ಏನೆಂದರೆ, ಎಳಿ ಕೂಡ ಅದನ್ನು ಮಾಡಿದವನ ಹಾಗೆ ನಡುವೆ ನಿಂತುಬಿಡುತ್ತಿತ್ತು. ಯಂತ್ರಕ್ಕೆ ತಾಳ್ಮೆಯಿಲ್ಲ. ಪಟ್ಟಾ ತಿರುಗಿದಂತೆ ಟಕ್ ಟಕ್ ಹೊಡೆಯುತ್ತಲೇ ಇರುತ್ತದೆ. ಹೊಸ ಸಾಲು ಬರಲಿಲ್ಲವೆಂದರೆ ಹಿಂದಿನ ಸಾಲನ್ನೇ ಮತ್ತೆ ಹೊಡೆಯುತ್ತದೆ. ಎಳಿ ನಿಂತದ್ದು ನವಿಲಿನ ಕತ್ತಿನ ಹತ್ತಿರ. ಆ ಕತ್ತು ಬೆಳೆಯಿತು, ಬೆಳೆಯಿತು, ಮೊಳ ಉದ್ದವಾಯಿತು. ಆ ಸೀರೆಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಸಂಘದ ಚೇರಮನ್ನರು ಅದನ್ನು ಹಗ್ಗದ ಮೇಲೆ ಹರವಿ ನಿಂತಿದ್ದರು.

"ಏ ಮಾಸ್ತರ, ಇದು ನವಿಲೋ ಒಂಟಿಯೋ? ನಮ್ಮನಿಯಾಕಿ ಸೆರಗ ಹೊತಗೊಂಡು ಕನ್ನಡಿ ಮುಂದ ನಿಂತಾಕಿ ನಕ್ಕೋತ ನೆಲಕ್ಕ ಕುಂತ್ಲು. ಗಿರಾಕಿ ನಗೂದಿಲ್ಲ, ಸೀರಿ ಮಾರಿಗೆ ಒಗದ ಹೋಗತಾನ."

"ಸರಿ ಮಾಡತೇನ್ರಿ" ಎಂದ ಶಂಕ್ರೆಪ್ಪ.

"ಇವತ್ತ ಅಮಾಸಿ. ಹುಣ್ಣಿಮಿ ತನಕಾ ನೋಡತೇನಿ. ಒಂದ ವಾರದಾಗ ಒಮ್ಮೆ ಬಂದ ತೋರಸ್ರಿ. ಆಗಲಿಲ್ಲಂದ್ರ ಈ ಡಬ್ಬಿ ಗೋಣಿಚೀಲದಾಗ ಕಟ್ಟಿ ಕೊಡತೇನಿ. ಈರಪ್ಪ ಅದಾನ, ಸುತ್ತಿಗಿ ಐತಿ. ನಮ್ಮ ಮಗ್ಗ ನಿಂದರಂಗಿಲ್ಲ."

ಬಾಗಿಲಲ್ಲಿ ಕುಳಿತಿದ್ದ ಈರಪ್ಪ ಅದನ್ನು ಕೇಳಿಸಿಕೊಂಡ. ಎರಡೂ ಅಂಗೈಗಳಿಂದ ಕಣ್ಣು ಒರೆಸಿಕೊಂಡ, ಅಷ್ಟೇ.

ಬೈಲಹೊಂಗಲಕ್ಕೆ ಬಂದ ಮೇಲೆ ನಾನು ಕೇಳಿದೆ, "ಅಲ್ಲೋ, ಅದು ಯಾಕ ನಿಂದರತೈತಿ?"

"ಅಣ್ಣಾರ, ನವಿಲು ಒಂದ ಸಲ ಬಲಕ್ಕ ತಿರುಗಿದ್ರ ಹೊಸಾ ನವಿಲ ಹುಟ್ಟತೈತಿ, ಹಳೇದು ಕಸಾ ಆಗತೈತಿ. ಎಡಕ್ಕ ತಿರುಗಿದ್ರ ಮತ್ತೊಂದ. ಕಂಪ್ಯೂಟರಿನ ನೆನಪಿನ್ಯಾಗ ಕಸಾ ತುಂಬಿತಂದ್ರ ಕಾಲಿಡಾಕ ಜಾಗಾ ಇರೂದಿಲ್ಲ. ಆಗ ಎಲ್ಲಾ ಕೆಲಸಾ ಬಿಟ್ಟ ಇಡೀ ಮನಿ ಕಸಾ ಹೊಡಿಬೇಕು. ಅಟ್ಟದ ಮ್ಯಾಲಿನ ಹಂಡೇನೂ ಎತ್ತಿ ನೋಡಬೇಕು, ಇದು ಬೇಕೋ ಬ್ಯಾಡೋ ಅಂತ."

"ಕಸಾ ಹೊಡಿಯೂದ ಬಿಟ್ಟ ಬಿಡು."

"ಬಿಟ್ರ ಎರಡನೇ ಸೀರಿಗೆ ಉಸರ ಕಟ್ಟಿ ಸಾಯತೈತ್ರಿ."

ಆಗ ಅವನು ಚೀಲದಿಂದ ಹದಿಮೂರು ಹಾಳೆ ತೆಗೆದ. ಧಾರವಾಡದಲ್ಲಿ ಯಾರದೋ ಪುಸ್ತಕದಿಂದ ಝೆರಾಕ್ಸ್ ಮಾಡಿಸಿಕೊಂಡದ್ದು. ಎಣಿಸಿದರೆ ಹದಿನಾಲ್ಕು ಇರಬೇಕಿತ್ತು. ಅಂಗಡಿಯವ ಎರಡು ಹಾಳೆಯನ್ನು ಕೂಡಿಸಿ ತಿರುವಿದ್ದರಿಂದ ಒಂಬತ್ತನೆಯದು ಬಂದಿರಲಿಲ್ಲ. ಮೊದಲನೆಯ ಸಲ "ಬಿಡಾಕತ್ತಾನ" ಅನ್ನಲು ಇದೇ ಜಾಗ. ಅಂದುಕೊಳ್ಳಿ.

ಆ ಹಾಳೆಗಳ ಸಾರವನ್ನು ಅವನು ಹೇಳಿದ್ದು ಹೀಗೆ: "ಹುಟ್ಟಿದ್ದರಾಗ ಬಾಳಷ್ಟು ಹುಟ್ಟಿದಲ್ಲೇ ಸಾಯ್ತಾವರಿ. ಎರಡ ಸಲಾ ಕಸಬರಗಿ ತಪ್ಪಿಸಿಕೊಂಡದ್ದು ಬಾಳ ದಿನಾ ಬಾಳತೈತಿ. ಅಂಥಾದ್ದನ್ನ ಒಳಗಿನ ಖೋಲಿಗೆ ಒಯ್ದ ಇಟ್ಟಬಿಡೂದು. ಹೊಸಾವೆಲ್ಲಾ ಪಡಸಾಲ್ಯಾಗ. ದಿನಾ ಪಡಸಾಲಿ ಅಷ್ಟ ಕಸಾ ಹೊಡದ್ರ ಆತು, ಚಿಟಿಕಿ ಹೊಡಿಯೂದ್ರಾಗ ಮುಗೀತೈತಿ. ಒಳಗಿನ ಖೋಲಿ ವರ್ಷಕ್ಕೊಮ್ಮೆ, ಅಂದ್ರ ಸೀರಿ ಮುಗದ ಮ್ಯಾಲ."

ನಾನು ದೊಡ್ಡದಾಗಿ ನಕ್ಕು, "ಇದನ್ನ ನಮ್ಮವ್ವ ಹಾಳಿ ಓದದ ಮಾಡತಿದ್ಲಲ್ಲೋ" ಅಂದೆ. ಅವನು ನಗಲಿಲ್ಲ. ದಣಿದ ಎತ್ತು ನೊಗವನ್ನು ನೋಡುವ ಹಾಗೆ ಕಂಪ್ಯೂಟರನ್ನು ನೋಡಿ, ಸ್ಟೂಲು ಎಳೆದುಕೊಂಡು ಕುಳಿತ.

ಮೂರು ದಿನ ಬರೆದ. ಯಂತ್ರ ಇದ್ದದ್ದು ರಾಮದುರ್ಗದಲ್ಲಿ. ನನ್ನಲ್ಲಿ ಕರ್ರೆನ್ನುವ ಪ್ರಿಂಟರ್ ಮಾತ್ರ ಇತ್ತು. ಸಣ್ಣದೊಂದು ಅಂಚನ್ನು ಬರೆದು, ಮುದ್ರಿಸಿ ನೋಡುವುದು ಅವನ ಪರೀಕ್ಷೆ. ನಾಲ್ಕನೆಯ ದಿನ ಅವನು ಕೆಳಗೆ ಚಹಾಕ್ಕೆ ಹೋದ. ನನ್ನ ಬೆರಳು ತುರಿಸಿತು. ಅವನ ಹಿಂದೆ ಕುಳಿತು ಕುಳಿತು ನನಗೂ ಎಳಿ ಅಷ್ಟಿಷ್ಟು ಬರುತ್ತಿತ್ತು. ಆ ಅಂಚಿನ ಬರಹದಲ್ಲಿ "ಮೊಗ್ಗು" ಎಂಬ ಒಂದು ಸಾಲು ಇತ್ತು. ಅಳಿಸಿದೆ. ಬರಹವನ್ನು ಹಾಗೆಯೇ ಸೇವ್ ಮಾಡಿದೆ. ನನ್ನ ಕುರ್ಚಿಗೆ ಬಂದು ಪತ್ರಿಕೆ ಬಿಡಿಸಿ ಕುಳಿತೆ.

ಅವನು ಬಂದ, ಮುದ್ರಿಸಿದ. ನವಿಲು ಇತ್ತು, ಬಳ್ಳಿ ಇತ್ತು, ನಡುವೆ ಮೊಗ್ಗು ಇರಬೇಕಾದಲ್ಲಿ ಬೋಳು. ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ.

"ತಿಂತು, ಅಣ್ಣಾರ. ನನ್ನ ಕಸಬರಗಿ ಮೊಗ್ಗ ತಿಂತು."

ಪತ್ರಿಕೆಯ ಹಿಂದೆ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಸಂಜೆ ಹೇಳಿದರಾಯಿತು ಅಂದುಕೊಂಡೆ. ಸಂಜೆ ಯಾರೋ ಪರೀಕ್ಷೆಯ ಅರ್ಜಿ ತುಂಬಿಸಲು ಬಂದರು. ಮರುದಿನ ಬೆಳಿಗ್ಗೆ ಅವನು ಕೆಂಪು ಕಣ್ಣು ಹೊತ್ತು ಬಂದ, ಕೈಯಲ್ಲಿ ಇಪ್ಪತ್ತು ಹಾಳೆ ಲೆಕ್ಕ. ಆಗ ಹೇಳಿದ್ದರೆ ತಮಾಷೆ ಆಗುತ್ತಿರಲಿಲ್ಲ, ಬೇರೆ ಏನೋ ಆಗುತ್ತಿತ್ತು. ಮೂರನೆಯ ದಿನ ಇನ್ನೂ ಕಷ್ಟವಾಯಿತು. ಕುರ್ಚಿಯ ಕಾಲು ಮುರಿದು ಇಡುವವನಿಗೆ ಧೈರ್ಯ ಬೇಕಾಗಿಲ್ಲ, "ನಾನೇ ಮುರಿದದ್ದು" ಅನ್ನುವವನಿಗೆ ಬೇಕು. ನನ್ನಲ್ಲಿ ಮೊದಲಿನಿಂದಲೂ ಆ ಸಾಮಾನು ಕಡಿಮೆ.

ನಾಲ್ಕು ದಿನ ಅವನು ಇಲ್ಲದ ತಪ್ಪನ್ನು ಹುಡುಕಿದ. ನಾಲ್ಕನೆಯ ದಿನ ಇಳಿಹೊತ್ತಿಗೆ ಅಂಚಿನ ಬರಹವನ್ನೇ ತೆರೆದು ನೋಡಿದ. ಮೊಗ್ಗಿನ ಸಾಲೇ ಇಲ್ಲ. ಬೈಯುತ್ತಾನೆ, ನನ್ನ ಕಡೆ ತಿರುಗಿ ನೋಡುತ್ತಾನೆ ಅಂದುಕೊಂಡು ಪತ್ರಿಕೆ ಮಡಚಿದೆ. ಅವನಿಗೆ ನನ್ನ ಮೇಲೆ ಅನುಮಾನವೇ ಬರಲಿಲ್ಲ. ಊರಿಗೆಲ್ಲ ನನ್ನ ಮೇಲೆ ಅನುಮಾನ, ಅವನೊಬ್ಬನಿಗೆ ಇಲ್ಲ.

"ನನ್ನ ಕೈ ತಪ್ಪೇತ್ರಿ" ಎಂದ. "ಬರದಿಲ್ಲ, ಬರದೇನಿ ಅಂತ ತಿಳಕೊಂಡೇನಿ. ಅಣ್ಣಾರ, ನಾ ಬಾಳ ದಣದೇನಿ."

ಅಷ್ಟರಲ್ಲಿ ಕೆಳಗಿನ ಹತ್ತಿ ಅಂಗಡಿಗೆ ರಾಮದುರ್ಗದಿಂದ ಫೋನು ಬಂತು. ಅವನು ಹೋಗಿ ಮಾತಾಡಿ, ಮೆಟ್ಟಿಲಲ್ಲೇ ಕುಳಿತುಬಿಟ್ಟ. ವಾರದಲ್ಲಿ ತೋರಿಸಲು ಬರಬೇಕಾದವನು ಬರಲಿಲ್ಲವೆಂದು ಚೇರಮನ್ನರು ಗ್ರಾಫ್ ಕಾಗದವನ್ನು ಈರಪ್ಪನ ಕೈಗೆ ಕೊಟ್ಟಿದ್ದರು. ಕಾಕಾ ಸುತ್ತಿಗೆ ಹಿಡಿದಿದ್ದ.

ಮರುದಿನವೇ ಹೊರಟೆವು. ನಾನೇಕೆ ಜೊತೆಗೆ ಹೋದೆನೋ, ನೀವೇ ಊಹಿಸಿ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿದೆವು. ಶಂಕ್ರೆಪ್ಪ ಕಂಬಿ ಹಿಡಿದು ನಿಂತೇ ನಿದ್ದೆ ಮಾಡಿದ.

ಸಂಘದ ನೇಯ್ಗೆಯ ಮನೆಯಲ್ಲಿ ಮುಂದೊಂದು ಉದ್ದ ಪಡಸಾಲೆ, ಒಳಗೆ ಹದಿಮೂರು ಮಗ್ಗಗಳ ಖೋಲಿ. ಪಡಸಾಲೆಯ ಕಿಟಕಿಯ ಹತ್ತಿರ ಈರಪ್ಪ ಕುಳಿತು ಕಾರ್ಡು ಹೊಡೆಯುತ್ತಿದ್ದ. ಮೂಗು ಕಾರ್ಡಿಗೆ ತಾಗುವಷ್ಟು ಬಗ್ಗಿದ್ದ. ಶಂಕ್ರೆಪ್ಪ ಅವನ ಕೈಯಿಂದ ಸುತ್ತಿಗೆಯನ್ನು ಮೆಲ್ಲಗೆ ತೆಗೆದುಕೊಂಡು ಪಕ್ಕಕ್ಕಿಟ್ಟು, ತಂದಿದ್ದ ಹೊಸ ಎಳಿಯನ್ನು ಕಂಪ್ಯೂಟರಿಗೆ ಹಾಕಿ ಯಂತ್ರ ಶುರು ಮಾಡಿದ.

ಟಕ್ ಟಕ್ ಟಕ್. ಎಲ್ಲೂ ನಿಲ್ಲಲಿಲ್ಲ. ಚೇರಮನ್ನರ ಮೀಸೆ ಅರಳಿತು. ನಾನು ಕೂಡ, "ನೋಡ್ರಿ, ನಮ್ಮ ಬೈಲಹೊಂಗಲದ ಶಾಲಿ ಅಂದ್ರ ಏನಂದಕೊಂಡ್ರಿ?" ಎಂದು ಎದೆ ಸೆಟೆಸಿದೆ. ಈರಪ್ಪ ಒಂದೊಂದೇ ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ತೂತು ಸವರುತ್ತಿದ್ದ. ಅವನಿಗೆ ಕಣ್ಣಿಗಿಂತ ಬೆರಳಿಗೇ ನವಿಲು ಚೆನ್ನಾಗಿ ಕಾಣುತ್ತಿತ್ತು. ಅರ್ಧ ಸೀರೆ ದಾಟಿದ ಮೇಲೆ ಅವನ ಬೆರಳು ನಿಂತಿತು.

"ಶಂಕ್ರ್ಯಾ, ಇಲ್ಲಿಂದ ಮುಂದ ನವಿಲ ಇಲ್ಲೋ. ಬರೇ ಬಯಲ ಐತಿ."

ಚೇರಮನ್ನರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಮೊದಲ ಒಂಟಿ ಬರತಿತ್ತು. ಈಗ ಒಂಟೀನೂ ಓಡಿ ಹೋತು! ಮಾಸ್ತರ, ಹುಣ್ಣಿಮಿಗೆ ಐದ ದಿನಾ ಉಳದಾವ ನೋಡ್ರಿ." ಈರಪ್ಪ ಕಿಟಕಿಯ ಕಡೆ ಸರಿದು ಮತ್ತೆ ಸುತ್ತಿಗೆ ಎತ್ತಿಕೊಂಡ.

ಈ ಸಲ ತಪ್ಪು ನಿಜವಾಗಿಯೂ ಕಸಬರಿಗೆಯದು. ಆದರೆ ಶಂಕ್ರೆಪ್ಪ ಅಲ್ಲಿ ನೋಡಲೇ ಇಲ್ಲ. "ಮತ್ತ ನನ್ನ ಕೈ ತಪ್ಪೇತಿ" ಎಂದು ಸೀರೆಯ ಬರಹವನ್ನು ತೆರೆದು, ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದ. ಮುಗಿಸಿ ಮತ್ತೆ ಮೊದಲಿನಿಂದ. ಊಟದ ಹೊತ್ತು ದಾಟಿತು. ಅವನ ಹಿಂದೆ ಸುತ್ತಿಗೆಯ ಸದ್ದು. ಪ್ರತಿ ಏಟಿಗೂ ಅವನ ಹೆಗಲು ಅಷ್ಟಷ್ಟು ಕೆಳಗಿಳಿಯುತ್ತಿತ್ತು. "ನಿನ್ನ ಕೈ ಅವತ್ತೂ ತಪ್ಪಿರಲಿಲ್ಲೋ" ಎನ್ನುವ ಒಂದು ಮಾತು ನನ್ನ ಬಾಯಲ್ಲಿತ್ತು. ಅದರ ಜೊತೆಗೆ ಅಡಿಕೆಯೂ ಇತ್ತು. ಅಡಿಕೆಯನ್ನಷ್ಟೇ ಅಗಿದೆ.

ಮೂರು ಗಂಟೆಗೆ ಕಲ್ಲವ್ವ ಕಸ ಹೊಡೆಯಲು ಬಂದಳು. ಅರವತ್ತು ದಾಟಿದ ಮುದುಕಿ. ಪಡಸಾಲೆಯ ಎಳೆತುಂಡು, ಮುರಿದ ಕಂಡಿಕೆ ಎಲ್ಲವನ್ನೂ ಬುಟ್ಟಿಗೆ ತುಂಬುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯೊಳಗೆ ಇಡುವ ನೂಲು ಸುತ್ತಿದ ಕಡ್ಡಿ. ಒಂದು ಕೆಂಪು ಕಂಡಿಕೆಯ ಹತ್ತಿರ ಬಂದವಳು ತಲೆ ಎತ್ತಿ ಬಾಗಿಲ ಪಕ್ಕದ ಗೂಟವನ್ನು ನೋಡಿ, ಅದನ್ನು ಬಿಟ್ಟು ಮುಂದೆ ಹೋದಳು. ಕಣ್ಣಿಗೆ ದಣಿವಾಗಿ ಶಂಕ್ರೆಪ್ಪ ಆಗಷ್ಟೇ ಕಂಪ್ಯೂಟರಿನಿಂದ ಮುಖ ತಿರುಗಿಸಿದ್ದ.

"ಕಲ್ಲವ್ವಾ, ಅದನ್ಯಾಕ ಬಿಟ್ಟಿ?"

"ಗೂಟದಾಗ ಕೆಂಪ ಎಳಿ ಐತೆಲ್ಲೋ ಯಪ್ಪಾ. ಒಳಗ ಯಾರಿಗೋ ಬೇಕಾಗೇತಿ."

"ಯಾರಿಗೆ?"

"ಯಾರಿಗಾರ ಆಗ್ಲಿ. ಒಳಗ ಹೋಗಿ ಹದಿಮೂರೂ ಮಗ್ಗಕ್ಕ ಕೇಳ್ಕೋತ ನಿಂದರ್ಲೇನ ನಾ? ಬೇಕಾದಾವ ಗೂಟಕ್ಕ ಒಂದ ಎಳಿ ಕಟ್ಟಿ ಹೋಗಬೇಕು. ಕಟ್ಟಲಿಲ್ಲಂದ್ರ ಒಲಿಗೆ ಹಾಕತೇನಿ. ಆಮ್ಯಾಲ ಹೊಯ್ಕೊಂಡ್ರ ನಾ ಕೇಳೂದಿಲ್ಲ."

ಶಂಕ್ರೆಪ್ಪ, "ಹಂಗಾದ್ರ ಒಳಗಿನಾಂವ ಹೊರಗಿಂದನ್ನ" ಎಂದು ನಿಂತುಬಿಟ್ಟ. ಕಲ್ಲವ್ವ ಪಡಸಾಲೆ ಮುಗಿಸಿ, ಬುಟ್ಟಿ ಎತ್ತಿಕೊಂಡು, ಅಂಗಳ ದಾಟಿ ಹೋದಳು. ಚೇರಮನ್ನರು ನನ್ನ ಮುಖ ನೋಡಿದರು. ನಾನು ಬಾಯಿ ಮೇಲೆ ಬೆರಳಿಟ್ಟೆ.

"ಹಿಡಕೊಂಡಿದ್ರ ಹೇಳಿ ಹೋಗಬೇಕು" ಎಂದು ಅವನು ಮುಗಿಸಿದ. "ಅಣ್ಣಾರ, ಒಂಬತ್ತನೇ ಹಾಳ್ಯಾಗ ಇದ್ದದ್ದು ಇದ!"

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಸೀರೆಯ ಅಂಚು ಮೊದಲಿನಿಂದ ಕೊನೆಯ ತನಕ ಬೇಕಾದದ್ದು. ಹಾಗಾಗಿ ಅದು ಎರಡು ಸಲ ಕಸಬರಿಗೆ ತಪ್ಪಿಸಿಕೊಂಡು ಒಳಗಿನ ಖೋಲಿ ಸೇರಿರುತ್ತದೆ. ನಡುವೆ ಅದು ಆಗಷ್ಟೇ ಹುಟ್ಟಿದ ನವಿಲೊಂದನ್ನು ಕೈಹಿಡಿಯುತ್ತದೆ. ನವಿಲು ಇರುವುದು ಪಡಸಾಲೆಯಲ್ಲಿ. ಕಸ ಹೊಡೆಯುವವಳು ಪಡಸಾಲೆಯನ್ನಷ್ಟೇ ನೋಡುತ್ತಾಳೆ, ಈ ನವಿಲಿಗೆ ಯಾರೂ ಇಲ್ಲವೆಂದು ಬುಟ್ಟಿಗೆ ಹಾಕುತ್ತಾಳೆ. ಬೈಲಹೊಂಗಲದಲ್ಲಿ ಅವನು ಮಾಡಿದ ಸಣ್ಣ ಅಂಚುಗಳು ಒಳಗಿನ ಖೋಲಿ ಸೇರುವಷ್ಟು ಕಾಲ ಬಾಳುತ್ತಿರಲಿಲ್ಲ, ಹೀಗಾಗಿ ಅಲ್ಲಿ ಇದು ಕಾಣಲೇ ಇಲ್ಲ. ಈಗ ಮಾಡಬೇಕಾದದ್ದು ಒಂದೇ. ಒಳಗಿನದು ಹೊರಗಿನದನ್ನು ಹಿಡಿದಾಗಲೆಲ್ಲ ಗೂಟಕ್ಕೆ ಒಂದು ಎಳೆ, ಕಸ ಹೊಡೆಯುವ ಮೊದಲು ಗೂಟದ ಕಡೆ ಒಂದು ನೋಟ.

ಒಂದನ್ನು ಇನ್ನೊಂದು ಹಿಡಿಯುವ ಜಾಗ ಎಳಿಯಲ್ಲಿ ಎಷ್ಟಿದ್ದವೋ ಅಷ್ಟಕ್ಕೂ ಒಂದೊಂದು ಸಾಲು ಸೇರಿಸಲು ಎರಡು ದಿನ ಬೇಕಾದವು. ಹುಣ್ಣಿಮೆಗೆ ಎರಡು ದಿನ ಮೊದಲು ಯಂತ್ರ ಮತ್ತೆ ಓಡಿತು. ಈರಪ್ಪ ಕಾರ್ಡುಗಳನ್ನು ಕೊನೆಯ ತನಕ ಸವರಿದ.

"ಎಲ್ಲಾ ಅದಾವೋ" ಎಂದ. "ಕುತ್ತಿಗೀನೂ ಗಿಡ್ಡ ಅದಾವ."

ಚೇರಮನ್ನರು ಫೇಡೆ ತರಿಸಿದರು. ಈರಪ್ಪ ಫೇಡೆಗೆ ಕೈಚಾಚಿದ್ದು ತಟ್ಟೆಯ ಪಕ್ಕಕ್ಕೆ. ನಾವು ನಕ್ಕೆವು, ಅವನೂ ನಕ್ಕ. ಶಂಕ್ರೆಪ್ಪನೊಬ್ಬ ನಗಲಿಲ್ಲ. ಕಾಕಾನ ಎಡಗಣ್ಣು ಹೋಗಿತ್ತು. ಬೆಳಗಾವಿಯ ಡಾಕ್ಟರು, "ವರ್ಷದಾಗ ಹೋಗೂದ ಇತ್ತು, ಈ ಕೆಲಸದಿಂದ ಲಗೂನ ಹೋತು" ಎಂದರಂತೆ. ಡಾಕ್ಟರು ಹೀಗೆ ಅಂದರು ಎಂದು ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೋ, ಡಾಕ್ಟರಿಗೇ ನೆನಪಿರಲಿಕ್ಕಿಲ್ಲ.

ಎಳಿ ಆಮೇಲೆ ಏಳೆಂಟು ವರ್ಷ ನಡೆಯಿತು. ಒಂದು ನವಿಲೂ ತಪ್ಪಲಿಲ್ಲ. ಯಾರಾದರೂ ಹೊಗಳಿದರೆ ಶಂಕ್ರೆಪ್ಪ, "ಹೌದ್ರಿ, ಖರೆ ನಾ ನಾಕ ದಿನಾ ಕಳಕೊಂಡ್ನಿ" ಅನ್ನುತ್ತಿದ್ದ. ಕೇಳಿದವರಿಗೆ ಅರ್ಥವಾಗುತ್ತಿರಲಿಲ್ಲ. ಹುಡುಗರಿಗೆ ಕಲಿಸುವಾಗ ತಾನು ಬರೆದ ಎರಡು ಸಾಲನ್ನೂ ಮೂರು ಸಲ ಓದಿ ನೋಡುತ್ತಿದ್ದ. ಸಹಿ ಮಾಡಿದ ಮೇಲೂ ಹಾಳೆ ತಿರುಗಿಸಿ, ಮಾಡಿದ್ದೇನೆಯೇ ಎಂದು ನೋಡಿಕೊಳ್ಳುತ್ತಿದ್ದ. ಮುಂದೆ ಮಗ್ಗಗಳು ಬದಲಾದವು, ಸಿದ್ಧ ಚಿತ್ರಗಳು ಹೊರಗಿನಿಂದ ಬರತೊಡಗಿದವು, ನನ್ನ ಟೈಪರೈಟರುಗಳೂ ಗುಜರಿಗೆ ಹೋದವು. ಅವನು ರಾಮದುರ್ಗಕ್ಕೆ ಹೋಗಿ ಕಾಕಾನನ್ನು ಕೊನೆಯ ತನಕ ನೋಡಿಕೊಂಡ. ಈರಪ್ಪ ಹೋದ ಮೇಲೆ ಶಂಕ್ರೆಪ್ಪನ ಎದೆಯೂ ಕೆಟ್ಟಿತು.

ಸುದ್ದಿ ಕೇಳಿ ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡು ಹೋದೆ. ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. "ಬರ್ರಿ ಅಣ್ಣಾರ, ಕುಂದರ್ರಿ" ಎಂದ. ಅಷ್ಟಕ್ಕೇ ಕೆಮ್ಮು. ನಾನು ಕುಳಿತೆ, ಹೇಳಿಯೂ ಬಿಟ್ಟೆ. ಮೊಗ್ಗು ಅಳಿಸಿದ್ದು ನಾನು, ನಿನ್ನ ಕೈ ಅಲ್ಲ ಎಂದೆ. ಅವನು ನನ್ನನ್ನು ನೋಡಿದ. ಆಮೇಲೆ ತನ್ನ ಬಲಗೈಯನ್ನು ಮುಂದೆ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿಕೊಂಡ. "ಎಂಥಾ ಮನಷ್ಯಾರ ಅಣ್ಣಾರ ನೀವು!" ಎಂದು ನಗತೊಡಗಿದ. ಕೆಮ್ಮು ಬರುವ ತನಕ ನಕ್ಕ. ಮುಂದಿನ ತಿಂಗಳು ಅವನು ಹೋದ ಸುದ್ದಿ ಬಂತು.

ಇಷ್ಟರಲ್ಲಿ ನಾನು ಕಟ್ಟಿದ ಸುಳ್ಳು ಒಂದೇ. ಅವತ್ತು ನಾನು ಹೇಳಲಿಲ್ಲ. ಬಾಳೆಹಣ್ಣು ಸುಲಿದು ಕೈಗೆ ಕೊಟ್ಟೆ. ಅವನ ಕೆಮ್ಮು ನಿಲ್ಲುವ ತನಕ ಕುಳಿತೆ. ಯರಗಟ್ಟಿಯ ಬಸ್ಸಿನ ಹೊತ್ತಾಯಿತು ಎಂದು ಎದ್ದು ಬಂದೆ.